ಏಳೆಂಟು ಗುಂಡುಸೂಜಿಯ ಕಬ್ಬಿಣ

ಬೆಳಿಗ್ಗೆ ಎಂಟು ಗಂಟೆ. ರಕ್ತಪರೀಕ್ಷೆಯ ಲ್ಯಾಬಿನ ಬೆಂಚಿನ ಮೇಲೆ ಅಮ್ಮ ಕೂತಿದ್ದಾಳೆ, ಅವಳ ತೊಡೆಯ ಮೇಲೆ ನಾಲ್ಕು ವರ್ಷದ ಮಗು. ಮುಖ ಬಿಳಿಚಿಕೊಂಡಿದೆ, ತಿಂಗಳಿಂದ ಊಟ ಸೇರುತ್ತಿಲ್ಲ, ಆಟದ ನಡುವೆ ಬಂದು ಸುಮ್ಮನೆ ಮಲಗಿಬಿಡುತ್ತದೆ. "ಒಂದೇ ಒಂದು ಸಲ ಪುಟ್ಟಾ, ಇರುವೆ ಕಚ್ಚಿದ ಹಾಗೆ ಅಷ್ಟೇ," ಎನ್ನುತ್ತ ಅಮ್ಮ ಆ ಪುಟ್ಟ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಾಳೆ. ಸಿರಿಂಜಿನೊಳಗೆ 2 ಮಿಲಿಲೀಟರ್ ರಕ್ತ ಏರುತ್ತದೆ. ಔಷಧಿ ಕುಡಿಸುವ ಚಮಚದ ಅರ್ಧಕ್ಕೂ ಕಡಿಮೆ.

ಆ ಅರ್ಧ ಚಮಚದೊಳಗೆ ಎಷ್ಟಿದೆ ಗೊತ್ತೆ? ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಘನ ಮಿಲಿಮೀಟರ್ ರಕ್ತದಲ್ಲೇ ಸುಮಾರು 45 ಲಕ್ಷ ಕೆಂಪು ಕಣಗಳಿರುತ್ತವೆ. 2 ಮಿಲಿಲೀಟರ್ ಎಂದರೆ ಅಂಥ 2,000 ಹನಿ. ಗುಣಿಸಿದರೆ 900 ಕೋಟಿ. ಇಡೀ ಭೂಮಿಯ ಮೇಲಿರುವ ಮನುಷ್ಯರೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಸೆಕೆಂಡಿಗೊಂದರಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತ ಕೂತರೂ ಎಣಿಕೆ ಮುಗಿಯಲು 285 ವರ್ಷ ಬೇಕು. ಲ್ಯಾಬಿನ ಯಂತ್ರ ಅದರಲ್ಲೊಂದು ಚೂರನ್ನು ತೆಗೆದುಕೊಂಡು ಒಂದೆರಡು ನಿಮಿಷದಲ್ಲಿ ಲೆಕ್ಕ ಕೊಡುತ್ತದೆ.

ಈಗ ಆ ಮಗುವನ್ನೇ ನೋಡೋಣ. ತೂಕ 15 ಕಿಲೋ ಎಂದಿಟ್ಟುಕೊಳ್ಳಿ. ಮೈಯಲ್ಲಿರುವ ರಕ್ತ ಒಂದು ಲೀಟರಿಗೆ ತುಸು ಹೆಚ್ಚು, ಹೆಚ್ಚುಕಡಿಮೆ 1.1 ಲೀಟರ್. ಅದರಲ್ಲಿರುವ ಕೆಂಪು ಕಣಗಳು ಸುಮಾರು 5 ಲಕ್ಷ ಕೋಟಿ. ಒಂದೊಂದರ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಕಣ್ಣಿಗೆ ಕಾಣದ ಈ ಬಿಲ್ಲೆಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತ ಹೋದರೆ ಸಾಲು ಸುಮಾರು 37,000 ಕಿಲೋಮೀಟರ್ ಉದ್ದವಾಗುತ್ತದೆ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಅಂಗನವಾಡಿಗೆ ಹೋಗುವ ಒಂದು ಮಗುವಿನ ರಕ್ತಕಣಗಳ ಸಾಲು ಭೂಮಿಗೆ ಇನ್ನೇನು ಒಂದು ಸುತ್ತು ಹಾಕಿಬಿಡುತ್ತದೆ!

ಈ ಕಣಗಳ ಆಯುಸ್ಸು ಸುಮಾರು 120 ದಿನ. ಸತ್ತಷ್ಟು ಕಣಗಳು ಮತ್ತೆ ಹುಟ್ಟಲೇಬೇಕು. ಆ ಲೆಕ್ಕ ಹಾಕಿದರೆ ಮಗುವಿನ ಮೂಳೆಗಳೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ ಹತ್ತಿರಹತ್ತಿರ 5 ಲಕ್ಷ ಹೊಸ ಕೆಂಪು ಕಣಗಳನ್ನು ತಯಾರಿಸಬೇಕು. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4.35 ಲಕ್ಷ. ಅಮ್ಮ ಒಂದು ತುತ್ತು ಕಲಸುವಷ್ಟರಲ್ಲಿ ಆ ಪುಟ್ಟ ಮೈಯೊಳಗೆ ಹಲವು ದಾವಣಗೆರೆಗಳು ಹುಟ್ಟಿರುತ್ತವೆ, ಅಷ್ಟೇ ದಾವಣಗೆರೆಗಳು ಅಳಿದಿರುತ್ತವೆ. ಮಗು ನಿದ್ದೆ ಮಾಡುವಾಗಲೂ ಈ ಕೆಲಸ ನಿಲ್ಲುವುದಿಲ್ಲ.

ಇಷ್ಟು ದೊಡ್ಡ ಕಾರ್ಖಾನೆ ನಡೆಯಲು ಮುಖ್ಯವಾಗಿ ಬೇಕಾದ ಕಚ್ಚಾವಸ್ತು ಕಬ್ಬಿಣ. ಒಂದು ಕೆಂಪು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣು. ಅಂದರೆ ಒಂದೇ ಒಂದು ಕಣದಲ್ಲಿ 100 ಕೋಟಿಗೂ ಹೆಚ್ಚು ಕಬ್ಬಿಣದ ಪರಮಾಣುಗಳು, ಒಂದೊಂದೂ ಒಂದೊಂದು ಆಮ್ಲಜನಕದ ಅಣುವಿಗೆ ಕೂರಲು ಮಣೆ ಹಾಕಿಕೊಂಡು ಕಾಯುತ್ತಿರುತ್ತವೆ.

ಕೇಳಿದರೆ ಗಣಿಯನ್ನೇ ಅಗೆಯಬೇಕೇನೋ ಅನಿಸುತ್ತದೆ. ಆದರೆ ಆ 5 ಲಕ್ಷ ಕೋಟಿ ಕಣಗಳಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಮಾಡಿ ತಕ್ಕಡಿಗೆ ಹಾಕಿದರೆ ಅರ್ಧ ಗ್ರಾಮೂ ತೂಗುವುದಿಲ್ಲ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂ ಇದ್ದರೆ ಸುಮಾರು 450 ಮಿಲಿಗ್ರಾಂ. ಏಳೆಂಟು ಗುಂಡುಸೂಜಿಗಳ ಕಬ್ಬಿಣ. ಮಗುವಿನ ಓಟ, ನಗು, ಕೆನ್ನೆಯ ಕೆಂಪು, ಅಕ್ಷರ ಕಲಿಯುವ ಚುರುಕು, ಇಷ್ಟಕ್ಕೂ ಆಧಾರ ಆ ಏಳೆಂಟು ಗುಂಡುಸೂಜಿಗಳು. ಅದರಲ್ಲಿ ಎರಡು ಕಡಿಮೆಯಾದರೆ ಹಿಮೋಗ್ಲೋಬಿನ್ 9ರ ಆಸುಪಾಸಿಗೆ ಇಳಿಯುತ್ತದೆ, ಮಗು ಆಟದ ನಡುವೆ ಬಂದು ಮಲಗಿಬಿಡುತ್ತದೆ.

ಸಂಜೆ ರಿಪೋರ್ಟ್ ಕೈಗೆ ಬರುತ್ತದೆ. ಮೂರು ಸಾಲುಗಳನ್ನು ಒಂದರ ಕೆಳಗೊಂದು ಓದಿ, ಸಂಖ್ಯೆಗಳ ಪಕ್ಕದಲ್ಲಿರುವ ಅಳತೆಯ ಮೇಲೆ ಕಣ್ಣಿಡಿ. ಹಿಮೋಗ್ಲೋಬಿನ್: ಡೆಸಿಲೀಟರಿಗೆ ಗ್ರಾಂ. ಫೆರಿಟಿನ್: ಮಿಲಿಲೀಟರಿಗೆ ನ್ಯಾನೋಗ್ರಾಂ. ವಿಟಮಿನ್ ಬಿ12: ಮಿಲಿಲೀಟರಿಗೆ ಪಿಕೋಗ್ರಾಂ. ಮೂರೂ ಒಂದೇ ಹಾಳೆಯಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಹಿಮೋಗ್ಲೋಬಿನ್ 12 ಎಂದು ಬರೆದಿದೆ, ಫೆರಿಟಿನ್ ಕೂಡ 12 ಎಂದೇ ಬರೆದಿದೆ ಎನ್ನಿ. ಆ ಎರಡು ಹನ್ನೆರಡುಗಳ ನಡುವಿನ ಅಂತರ 1 ಕೋಟಿ ಪಟ್ಟು. ಅದರ ಕೆಳಗೆ ಬಿ12 200 ಎಂದಿದ್ದರೆ, ಹಿಮೋಗ್ಲೋಬಿನ್‌ಗೂ ಅದಕ್ಕೂ ಇರುವ ಅಂತರ 60 ಕೋಟಿ ಪಟ್ಟು. ಬೆಟ್ಟವನ್ನೂ ಮರಳಿನ ಕಣವನ್ನೂ ಒಂದೇ ಪಟ್ಟಿಯಲ್ಲಿ ಬರೆದ ಹಾಗೆ.

ಫೆರಿಟಿನ್ ಎಂದರೆ ಕಬ್ಬಿಣದ ಕಣಜ. 24 ಪ್ರೋಟೀನ್ ಹಲಗೆಗಳಿಂದ ಕಟ್ಟಿದ ಟೊಳ್ಳು ಗೋಳ, ಅದರ ಅಡ್ಡಳತೆ 12 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಅಂಥ 80,000ಕ್ಕೂ ಹೆಚ್ಚು ಕಣಜಗಳನ್ನು ಸಾಲಾಗಿ ನಿಲ್ಲಿಸಬಹುದು. ಒಂದೊಂದರೊಳಗೂ 4,500ರವರೆಗೆ ಕಬ್ಬಿಣದ ಪರಮಾಣುಗಳನ್ನು ತುಂಬಿಡಬಹುದು. ಕಣಜಗಳು ಇರುವುದು ಹೆಚ್ಚಾಗಿ ಯಕೃತ್ತಿನಲ್ಲಿ, ಮಜ್ಜೆಯಲ್ಲಿ. ರಕ್ತದಲ್ಲಿ ತೇಲುವುದು ಅದರ ಚೂರುಪಾರು ಮಾತ್ರ. ಆ ಚೂರುಪಾರನ್ನು ಅಳೆದು ಕಣಜ ತುಂಬಿದೆಯೋ ಬರಿದಾಗಿದೆಯೋ ಎಂದು ಊಹಿಸಬೇಕು. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿನಲ್ಲಿ ಫೆರಿಟಿನ್ ಮಿಲಿಲೀಟರಿಗೆ 12 ನ್ಯಾನೋಗ್ರಾಂಗಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ಆ ಗೆರೆ ಎಷ್ಟು ಸಣ್ಣದು? ಬೇಸಿಗೆಯಲ್ಲಿ ಬೀದಿಗೆ ಬರುವ 12,000 ಲೀಟರಿನ ನೀರಿನ ಟ್ಯಾಂಕರಿಗೆ ಅರ್ಧ ಚಿಟಿಕೆ ಉಪ್ಪು ಉದುರಿಸಿ ಕಲಕಿ. ಆ ನೀರಿನಲ್ಲಿ ಉಪ್ಪು ಎಷ್ಟಿರುತ್ತದೋ ಮಗುವಿನ ರಕ್ತದಲ್ಲಿ ಫೆರಿಟಿನ್ ಅಷ್ಟಿರುತ್ತದೆ. ಯಂತ್ರ ಆ ಉಪ್ಪಿನ ರುಚಿಯನ್ನೂ ಗುರುತಿಸುತ್ತದೆ, ಅದು ಅರ್ಧ ಚಿಟಿಕೆಯೋ ಕಾಲು ಚಿಟಿಕೆಯೋ ಎಂದೂ ಹೇಳುತ್ತದೆ.

ಇಷ್ಟು ಸೂಕ್ಷ್ಮದ ಲೆಕ್ಕದಲ್ಲಿ ನಡೆಯುವ ಮನೆಯೊಳಗೆ ಕರೆಯದೆ ಬಂದು ನೆಲೆಸಿದವನೊಬ್ಬನಿದ್ದಾನೆ. ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ವೈದ್ಯರು ಚುಟುಕಾಗಿ ಎಚ್ ಪೈಲೋರಿ ಎನ್ನುತ್ತಾರೆ. ಉದ್ದ ಸುಮಾರು 3 ಮೈಕ್ರೋಮೀಟರ್. ಒಂದು ಸಾಸಿವೆ ಕಾಳಿನ ಅಡ್ಡಕ್ಕೆ 500 ಬ್ಯಾಕ್ಟೀರಿಯಾಗಳು ಸಾಲಾಗಿ ನಿಲ್ಲಬಹುದು. ತೂಕ ಹಾಕಿದರೆ ಒಂದು ಎಳ್ಳು ಕಾಳಿನ ತೂಕಕ್ಕೆ ಸುಮಾರು 300 ಕೋಟಿ ಬೇಕು. ಮೈ ಚಕ್ಕುಲಿಯ ಎಳೆಯಂತೆ ತಿರುಚಿಕೊಂಡಿದೆ, ಒಂದು ತುದಿಯಲ್ಲಿ ನಾಲ್ಕಾರು ಬಾಲಗಳಿವೆ. ಬಾಲ ತಿರುಗಿಸುತ್ತ ಲೋಳೆಯೊಳಗೆ ಈಜುತ್ತದೆ.

ಅದು ಆರಿಸಿಕೊಂಡಿರುವ ಜಾಗ ಮಾತ್ರ ಯಾರೂ ಆರಿಸಿಕೊಳ್ಳಬಾರದ ಜಾಗ. ಹಸಿದ ಜಠರದ ರಸ ನಿಂಬೆರಸಕ್ಕಿಂತ ಹುಳಿ. ಅದರ ಆಮ್ಲೀಯತೆ ರಕ್ತದ್ದಕ್ಕಿಂತ ಸುಮಾರು 10 ಲಕ್ಷ ಪಟ್ಟು ಹೆಚ್ಚು. ನುಂಗಿದ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಈ ಒಂದು ಜೀವಿ ಬದುಕುವ ಗುಟ್ಟು ನಮ್ಮ ರೈತರಿಗೆಲ್ಲ ಪರಿಚಯವಿರುವ ವಸ್ತುವಿನಲ್ಲಿದೆ. ಅದು ಯೂರಿಯಾ. ಹೊಲಕ್ಕೆ ಎರಚುವ ಅದೇ ಯೂರಿಯಾ ನಮ್ಮ ರಕ್ತದಲ್ಲೂ ಇದೆ, ಪ್ರೋಟೀನ್ ಒಡೆದಾಗ ಉಳಿಯುವ ತ್ಯಾಜ್ಯವಾಗಿ. ರಕ್ತದ ರಿಪೋರ್ಟಿನಲ್ಲಿ ಅದಕ್ಕೂ ಒಂದು ಸಾಲಿರುತ್ತದೆ. ಅಲ್ಲಿಂದ ಸ್ವಲ್ಪ ಜಠರಕ್ಕೂ ಜಿನುಗುತ್ತದೆ. ಎಚ್ ಪೈಲೋರಿ ಆ ಯೂರಿಯಾವನ್ನು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದು ಅಮೋನಿಯ ಮಾಡಿಕೊಳ್ಳುತ್ತದೆ. ಅಮೋನಿಯ ಕ್ಷಾರ. ತನ್ನ ಸುತ್ತಲಿನ ಹುಳಿಯನ್ನು ಅದು ಕೊಲ್ಲುತ್ತದೆ. ಗೊಬ್ಬರ ಹಾಕಿದ ಒದ್ದೆ ಮಣ್ಣಿನಿಂದ ಮೂಗಿಗೆ ಬಡಿಯುವ ಘಾಟಿಗೂ ಮಣ್ಣಿನ ಸೂಕ್ಷ್ಮಜೀವಿಗಳ ಇದೇ ಕಿಣ್ವ ಕಾರಣ. ನಾವು ಬೇಯಿಸುವ ತೊಗರಿಯ ಕಾಳಿನಲ್ಲೂ ಯೂರಿಯೇಸ್ ಇದೆ.

ಈ ಕಿಣ್ವದ ವೇಗವನ್ನು ಕೇಳಿದರೆ ತಲೆ ತಿರುಗುತ್ತದೆ. ಯೂರಿಯಾವನ್ನು ಬರೀ ನೀರಿನಲ್ಲಿ ಬಿಟ್ಟರೆ ಅದರಲ್ಲಿ ಅರ್ಧ ಒಡೆಯಲು ಸುಮಾರು 40 ವರ್ಷ ಹಿಡಿಯುತ್ತದೆ. ಯೂರಿಯೇಸ್ ಆ ಕೆಲಸವನ್ನು ನೂರು ಲಕ್ಷ ಕೋಟಿ ಪಟ್ಟು ವೇಗವಾಗಿ ಮಾಡುತ್ತದೆ. 40 ವರ್ಷದ ಕೆಲಸ ಒಂದು ಸೆಕೆಂಡಿನ ಲಕ್ಷದ ಒಂದು ಪಾಲಿನಲ್ಲಿ ಮುಗಿದುಹೋಗುತ್ತದೆ. ಈ ಜೀವಿಯ ಮೈಯ ಒಟ್ಟು ಪ್ರೋಟೀನಿನಲ್ಲಿ ನೂರಕ್ಕೆ ಹತ್ತರ ತನಕ ಈ ಒಂದೇ ಕಿಣ್ವ ಇರಬಹುದು. ದುಡಿಮೆಯ ಹತ್ತರಲ್ಲಿ ಒಂದು ಪಾಲನ್ನು ಮನೆಯ ಗೋಡೆಗೇ ಸುರಿಯುವ ಸಂಸಾರ ಅದು.

ಇಂಥ ಸಂಸಾರಗಳು ಎಷ್ಟು ಹೊಟ್ಟೆಗಳಲ್ಲಿವೆ? 2015ರ ಲೆಕ್ಕದಂತೆ ಜಗತ್ತಿನ 440 ಕೋಟಿ ಜನರಲ್ಲಿ, ಅಂದರೆ ಅರ್ಧಕ್ಕಿಂತ ಹೆಚ್ಚು ಮನುಷ್ಯಕುಲದಲ್ಲಿ. ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಈಚೆಗೆ ಮಾಡಿದ ಅಂದಾಜಿನಲ್ಲಿ ಮಕ್ಕಳ ಪಾಲು ನೂರಕ್ಕೆ 32. ಮೂವರಲ್ಲಿ ಒಂದು ಮಗು. ಹೈದರಾಬಾದಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 20 ವಯಸ್ಸು ಮುಟ್ಟುವ ಹೊತ್ತಿಗೆ ನೂರರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಈ ಸೋಂಕು ತಗುಲಿತ್ತು. ಅಂಟುವುದು ಬಹುಪಾಲು ಎಳವೆಯಲ್ಲೇ, ಅದೂ ಮನೆಯೊಳಗೇ, ತಾಯಿಯಿಂದ, ಅಕ್ಕ ಅಣ್ಣಂದಿರಿಂದ, ವಾಂತಿ, ಎಂಜಲು, ಮಲಿನ ನೀರಿನ ಮೂಲಕ. ಕೆಲವು ಪುಟ್ಟ ಮಕ್ಕಳಲ್ಲಿ ಬಂದದ್ದು ತಾನೇ ಹೋಗುವುದೂ ಉಂಟು. ಬೇರೂರಿತೋ, ಚಿಕಿತ್ಸೆಯಿಲ್ಲದೆ ದಶಕಗಟ್ಟಲೆ ಕದಲುವುದಿಲ್ಲ.

ದಶಕ ಎಂದದ್ದು ಒಬ್ಬ ಮನುಷ್ಯನ ಲೆಕ್ಕದಲ್ಲಿ. ಮನುಷ್ಯಕುಲದ ಲೆಕ್ಕದಲ್ಲಿ ಈ ಒಡನಾಟಕ್ಕೆ ಸುಮಾರು 1 ಲಕ್ಷ ವರ್ಷ. ನಮ್ಮ ಪೂರ್ವಜರು ಆಫ್ರಿಕಾದಿಂದ ಹೊರಟು ನಡೆಯತೊಡಗಿದಾಗ ಅವರ ಹೊಟ್ಟೆಯೊಳಗೆ ಕೂತು ಇದೂ ಹೊರಟಿತು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ, ಏಟ್ಸಿ ಎಂದು ಹೆಸರಾದ 5,300 ವರ್ಷ ಹಳೆಯ ಮನುಷ್ಯನ ದೇಹದ ವಿಷಯ ನೀವು ಕೇಳಿರಬಹುದು. ಅವನ ಜಠರದಿಂದ ವಿಜ್ಞಾನಿಗಳು ಎಚ್ ಪೈಲೋರಿಯ ಜೀನೋಮನ್ನು ಜೋಡಿಸಿ 2016ರಲ್ಲಿ ಪ್ರಕಟಿಸಿದರು. ಅದರ ಅತಿ ಹತ್ತಿರದ ಬಂಧುಗಳು ಇವತ್ತು ಇರುವುದು ಯುರೋಪಿನಲ್ಲಲ್ಲ, ಮಧ್ಯ ಮತ್ತು ದಕ್ಷಿಣ ಏಷ್ಯಾದ ಜನರ ಹೊಟ್ಟೆಯಲ್ಲಿ. ಲಡಾಖಿನ ಎರಡು ಸಮುದಾಯಗಳನ್ನು ಮನುಷ್ಯರ ಡಿಎನ್‌ಎ ಗುರುತುಗಳಿಂದ ಬೇರೆಯಾಗಿ ಗುರುತಿಸುವುದು ಕಷ್ಟವಾದಾಗ, ಅವರ ಹೊಟ್ಟೆಯ ಈ ಬ್ಯಾಕ್ಟೀರಿಯಾದ ಡಿಎನ್‌ಎ ಆ ವ್ಯತ್ಯಾಸವನ್ನು ತೋರಿಸಿಕೊಟ್ಟಿತು. ಅಮ್ಮನಿಂದ ಮಗುವಿಗೆ, ಆ ಮಗು ಬೆಳೆದು ತನ್ನ ಮಗುವಿಗೆ ದಾಟಿಸುತ್ತ ಬಂದ ವಂಶಾವಳಿ ಅದು. ಅದರ ಜೀನೋಮ್ ಸುಮಾರು 16.7 ಲಕ್ಷ ಅಕ್ಷರಗಳ ಪುಸ್ತಕ. ಪುಟಕ್ಕೆ 2,000 ಅಕ್ಷರದಂತೆ ಅಚ್ಚು ಹಾಕಿದರೆ 835 ಪುಟ. ಮನುಷ್ಯನದು ಅದೇ ಅಳತೆಯಲ್ಲಿ 15 ಲಕ್ಷ ಪುಟ ದಾಟುತ್ತದೆ. 835 ಪುಟದ ಪುಸ್ತಕ ಲಕ್ಷ ವರ್ಷಗಳಿಂದ 15 ಲಕ್ಷ ಪುಟದ ಪುಸ್ತಕದೊಳಗೆ ಬದುಕಿದೆ.

ಇಷ್ಟು ಹಳೆಯ ಒಡನಾಡಿಯ ಗುರುತು ನಮಗೆ ಸಿಕ್ಕಿ ಇನ್ನೂ ಅರ್ಧ ಶತಮಾನ ಆಗಿಲ್ಲ. 1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರೋಗವಿಜ್ಞಾನಿ ರಾಬಿನ್ ವಾರನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಗಮನಿಸಿದರು. ಅವರ ಜೊತೆ ಸೇರಿದ ಯುವ ವೈದ್ಯ ಬ್ಯಾರಿ ಮಾರ್ಷಲ್ ಇದನ್ನು ತಟ್ಟೆಯಲ್ಲಿ ಬೆಳೆಸಲು ಹೊರಟರು. 34 ರೋಗಿಗಳ ಮಾದರಿಗಳಲ್ಲಿ ಏನೂ ಬೆಳೆಯಲಿಲ್ಲ. ಎರಡು ದಿನ ಕಾದು ತಟ್ಟೆಗಳನ್ನು ಎಸೆಯುವುದು ಅಲ್ಲಿನ ವಾಡಿಕೆ. 1982ರ ಈಸ್ಟರ್ ರಜೆಯಿಂದಾಗಿ 35ನೆಯ ರೋಗಿಯ ತಟ್ಟೆ ಐದು ದಿನ ಹಾಗೇ ಉಳಿಯಿತು. ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು. ಜಗತ್ತು ನಂಬದಿದ್ದಾಗ 1984ರಲ್ಲಿ 32 ವರ್ಷದ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಲಕ್ಷ ವರ್ಷದ ಗುಟ್ಟು ಬಯಲಾಗಲು ಬೇಕಾದದ್ದು ಮೂರು ದಿನದ ಹೆಚ್ಚಿನ ತಾಳ್ಮೆ.

ಸೋಂಕಿರುವ ಬಹುಪಾಲು ಮಕ್ಕಳಿಗೆ ಹೊಟ್ಟೆನೋವೂ ಇರುವುದಿಲ್ಲ, ಹುಣ್ಣೂ ಆಗುವುದಿಲ್ಲ. ಹೊಟ್ಟೆಯ ಗೋಡೆಯಲ್ಲಿ ಉರಿಯೂತವೊಂದು ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದಿರುತ್ತದೆ. ಕೆಲವು ಮಕ್ಕಳಲ್ಲಿ ಮಾತ್ರ ಅದರ ಬಿಸಿ ಏಳೆಂಟು ಗುಂಡುಸೂಜಿಗಳ ಲೆಕ್ಕಕ್ಕೂ ತಾಗುತ್ತದೆ. ಹೇಗೆ ತಾಗುತ್ತದೆ ಎಂದು ತಿಳಿಯಲು ಮೊದಲು ಮಗುವಿನ ದಿನದ ಜಮಾ ಖರ್ಚು ನೋಡಬೇಕು. ನಾಲ್ಕರಿಂದ ಆರು ವರ್ಷದ ಮಗು ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ತಿನ್ನಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಆದರೆ ಸೊಪ್ಪು, ಕಾಳು, ರಾಗಿಗಳೇ ಹೆಚ್ಚಿರುವ ನಮ್ಮ ಊಟದ ಕಬ್ಬಿಣದಲ್ಲಿ ಕರುಳಿಗೆ ದಕ್ಕುವುದು ನೂರಕ್ಕೆ ಐದರಿಂದ ಎಂಟು ಪಾಲು. ಚೆನ್ನಾಗಿ ಉಂಡ ದಿನವೂ ಗಳಿಕೆ ಮುಕ್ಕಾಲು ಮಿಲಿಗ್ರಾಂ ಆಸುಪಾಸು. ಒಂದು ಗುಂಡುಸೂಜಿಯಷ್ಟು ಕಬ್ಬಿಣ ಕೂಡಿಡಲು ಎರಡೂವರೆ ತಿಂಗಳು ಬೇಕು, ಅದೂ ಒಂದಿಷ್ಟೂ ಸೋರದಿದ್ದರೆ.

ಸೋರಿಕೆಯ ಲೆಕ್ಕ ಹೀಗಿದೆ. 1 ಮಿಲಿಲೀಟರ್ ರಕ್ತದಲ್ಲಿ ಸುಮಾರು 0.4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಜಠರದ ಗಾಯದಿಂದ ದಿನಕ್ಕೆ 1 ಮಿಲಿಲೀಟರ್, ಅಂದರೆ 20 ಹನಿ ರಕ್ತ ಜಿನುಗಿತು ಎನ್ನಿ. ಮಲದ ಬಣ್ಣ ಬದಲಾಗುವುದಿಲ್ಲ, ಯಾರ ಗಮನಕ್ಕೂ ಬರುವುದಿಲ್ಲ. ಆದರೆ ದಿನದ ಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಹನಿಹನಿ ಗೂಡಿದರೆ ಹಳ್ಳ ಎನ್ನುತ್ತೇವೆ. ಹನಿಹನಿ ಸೋರಿದರೆ ತುಂಬಿದ ಕೆರೆಯೂ ಬತ್ತುತ್ತದೆ.

ರಕ್ತ ಜಿನುಗದೆಯೂ ಕಬ್ಬಿಣ ಕಡಿಮೆಯಾಗಬಹುದು. ಸೊಪ್ಪುಕಾಳಿನ ಕಬ್ಬಿಣ ಕರುಳಿಗೆ ದಕ್ಕಬೇಕಾದರೆ ಜಠರದ ಹುಳಿಯೂ ವಿಟಮಿನ್ ಸಿಯೂ ಬೇಕು. ದೀರ್ಘಕಾಲದ ಸೋಂಕು ಜಠರರಸದಲ್ಲಿ ಇವೆರಡನ್ನೂ ತಗ್ಗಿಸಬಲ್ಲದು. ಬ್ಯಾಕ್ಟೀರಿಯಾಕ್ಕೂ ಬದುಕಲು ಕಬ್ಬಿಣ ಬೇಕು, ಅದು ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ. ಇವೆಲ್ಲಕ್ಕಿಂತ ಬೆರಗಿನದು ಹೆಪ್ಸಿಡಿನ್. ಬರೀ 25 ಅಮೈನೋ ಆಮ್ಲಗಳ ಈ ಪುಟ್ಟ ಹಾರ್ಮೋನನ್ನು ವಿಜ್ಞಾನಿಗಳು ಗುರುತಿಸಿದ್ದೇ ಈ ಶತಮಾನದ ಹೊಸ್ತಿಲಲ್ಲಿ. ದೇಹದೊಳಗೆ ಉರಿಯೂತ ಎದ್ದಾಗ ಯಕೃತ್ತು ಹೆಪ್ಸಿಡಿನ್ ಸುರಿಸುತ್ತದೆ, ಅದು ಕರುಳಿನಲ್ಲಿ ಕಬ್ಬಿಣದ ಬಾಗಿಲು ಮುಚ್ಚುತ್ತದೆ. ಸೂಕ್ಷ್ಮಜೀವಿಗೆ ಕಬ್ಬಿಣ ಸಿಗಬಾರದೆಂದು ದೇಹ ಮಾಡಿಕೊಂಡ ಏರ್ಪಾಟಿದು. ಬಾಗಿಲು ಮುಚ್ಚಿದಾಗ ಹಸಿದು ನಿಲ್ಲುವವರಲ್ಲಿ ಮಗುವಿನ ಮಜ್ಜೆಯೂ ಸೇರಿರುತ್ತದೆ, ಸೆಕೆಂಡಿಗೆ ಐದು ಲಕ್ಷ ಕಣಗಳ ಬೇಡಿಕೆ ಹೊತ್ತುಕೊಂಡು.

ಹಾಗಾದರೆ ರಕ್ತ ನೋಡಿ ಹೊಟ್ಟೆಯ ಸೋಂಕನ್ನು ಹೇಳಿಬಿಡಬಹುದೇ? ಸಾಧ್ಯವಿಲ್ಲ. ಪ್ರತಿ ಸಂಖ್ಯೆಯೂ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಫೆರಿಟಿನ್ ತೆಗೆದುಕೊಳ್ಳಿ. ಕಬ್ಬಿಣ ಕಡಿಮೆಯಾದರೆ ಅದು ಇಳಿಯುತ್ತದೆ, ಉರಿಯೂತವಿದ್ದರೆ ಏರುತ್ತದೆ. ಎರಡೂ ಒಟ್ಟಿಗೆ ಇರುವ ಮಗುವಿನಲ್ಲಿ ಇಳಿತವೂ ಏರಿಕೆಯೂ ಬೆರೆತು, ಸಂಖ್ಯೆ ಸರಿಯಾಗಿಯೇ ಇದೆ ಎನಿಸಿಬಿಡುತ್ತದೆ. ಕಣಜ ಬರಿದಾಗಿದ್ದರೂ ಬಾಗಿಲಿಗೆ ತೋರಣ ಕಟ್ಟಿರುತ್ತದೆ. ಅದಕ್ಕಾಗಿಯೇ ಉರಿಯೂತ ಇರುವ ಐದು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಗೆರೆಯನ್ನು 12ರಿಂದ 30ಕ್ಕೆ ಏರಿಸಿದೆ. ಒಂದೇ 20, ಒಂದು ಮಗುವಿಗೆ ಆರೋಗ್ಯ, ಇನ್ನೊಂದು ಮಗುವಿಗೆ ಕೊರತೆ.

ಉರಿಯೂತ ಇದೆಯೋ ಇಲ್ಲವೋ ತಿಳಿಯಲು ಸಿಆರ್‌ಪಿ ಇದೆ. 1930ರಲ್ಲಿ ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಮೊದಲು ಕಂಡುಬಂದ ಪ್ರೋಟೀನ್ ಅದು. ತೀವ್ರ ಸೋಂಕಿನಲ್ಲಿ ಸಾವಿರ ಪಟ್ಟು ಏರಬಲ್ಲದು. ಆದರೆ ಬೂದಿ ಮುಚ್ಚಿದ ಕೆಂಡಕ್ಕೆ ಅದು ಅಲುಗಾಡದೆಯೂ ಇರಬಹುದು. ಪ್ಲೇಟ್‌ಲೆಟ್‌ಗಳ ಗಾತ್ರ, ಬಿಳಿ ರಕ್ತಕಣಗಳ ಬಗೆಗಳ ನಡುವಿನ ಅನುಪಾತ, ಜಠರದಿಂದ ರಕ್ತಕ್ಕೆ ಸೋರುವ ಪೆಪ್ಸಿನೋಜೆನ್, ಹೀಗೆ ಒಂದೊಂದನ್ನೂ ಹಿಡಿದು ಹಲವು ದೇಶಗಳ ವೈದ್ಯರು ಸೋಂಕಿನ ಸುಳಿವು ಹುಡುಕಿದ್ದಾರೆ. ಒಂದು ಊರಿನ ಮಕ್ಕಳಲ್ಲಿ ಕಂಡದ್ದು ಇನ್ನೊಂದು ಊರಿನ ಮಕ್ಕಳಲ್ಲಿ ಕಾಣುವುದಿಲ್ಲ. ಪ್ರತಿಕಾಯಗಳ ರಕ್ತಪರೀಕ್ಷೆಯೂ ನಂಬಿಕೆಗೆ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾ ಹೋದ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ, ಕೆಲವು ಎಳೆಯ ಮಕ್ಕಳಲ್ಲಿ ಸೋಂಕಿದ್ದರೂ ಸಾಕಷ್ಟು ಹುಟ್ಟುವುದೇ ಇಲ್ಲ. ಮಕ್ಕಳಲ್ಲಿ ಎಚ್ ಪೈಲೋರಿ ಪತ್ತೆಗೆ ಪ್ರತಿಕಾಯ ಪರೀಕ್ಷೆಯನ್ನು ಬಳಸಬಾರದು ಎಂದು ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರರೋಗ ತಜ್ಞರ ಸಂಘಗಳು ಸೇರಿ ಬರೆದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಅಗತ್ಯ ಬಿದ್ದಾಗ ಎಂಡೋಸ್ಕೋಪಿ ಮಾಡಿ ಜಠರದ ಚೂರನ್ನೇ ಪರೀಕ್ಷಿಸಬೇಕು.

ಸೋಂಕಿಗೆ ಕೊಟ್ಟ ಚಿಕಿತ್ಸೆ ಫಲಿಸಿತೇ ಎಂದು ನೋಡಲು ಒಂದು ಸೊಗಸಾದ ಪರೀಕ್ಷೆಯಿದೆ. ಅದರಲ್ಲಿ ಸೂಜಿ ಇಲ್ಲ. ಮಗುವಿಗೆ ವಿಶೇಷ ಯೂರಿಯಾ ಬೆರೆಸಿದ ಪಾನಕ ಕುಡಿಸಿ, ಅರ್ಧ ಗಂಟೆಯ ನಂತರ ಚೀಲಕ್ಕೆ ಉಸಿರು ಊದಿಸುತ್ತಾರೆ. ಆ ಯೂರಿಯಾದ ಇಂಗಾಲ ಕಾರ್ಬನ್-13, ಮಾಮೂಲಿ ಇಂಗಾಲಕ್ಕಿಂತ ತುಸು ಭಾರ, ವಿಕಿರಣ ಸೂಸದ್ದು. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದರೆ ಯೂರಿಯಾ ಒಡೆದು ಆ ಇಂಗಾಲ ಉಸಿರಿಗೆ ಬರುತ್ತದೆ. ಯಾರ ಉಸಿರಿನಲ್ಲಾದರೂ 10 ಲಕ್ಷ ಇಂಗಾಲದ ಪರಮಾಣುಗಳಲ್ಲಿ 11,000ದಷ್ಟು ಕಾರ್ಬನ್-13 ಇದ್ದೇ ಇರುತ್ತದೆ. ಅದಕ್ಕೆ 40-50 ಹೆಚ್ಚಾಯಿತೋ, ಬ್ಯಾಕ್ಟೀರಿಯಾ ಇದೆ. ಹತ್ತು ಲಕ್ಷದಲ್ಲಿ ನಲವತ್ತೈವತ್ತು! ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದಲ್ಲೇ ಶಾಲಾಮಕ್ಕಳ ಉಸಿರಿನಲ್ಲಿ ಈ ಲೆಕ್ಕ ಮಾಡಿ ನೋಡಿದ್ದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿ ರಕ್ತಹೀನರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಇತ್ತು. ಈ ಮಕ್ಕಳಿಗೆಲ್ಲ ಬ್ಯಾಕ್ಟೀರಿಯಾದ ಔಷಧಿ ಕೊಟ್ಟರಾಯಿತಲ್ಲ? ಢಾಕಾದಲ್ಲಿ ಎರಡರಿಂದ ಐದು ವರ್ಷದ ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಸೋಂಕನ್ನು ತೆಗೆದರೂ ಬಿಟ್ಟರೂ ರಕ್ತಹೀನತೆ ವಾಸಿಯಾದದ್ದು ಕಬ್ಬಿಣದ ಔಷಧಿಯಿಂದ. ಅಲಾಸ್ಕಾದ ಮಕ್ಕಳಲ್ಲಿ ಸೋಂಕಿಗೆ ಚಿಕಿತ್ಸೆ ಕೊಟ್ಟು 14 ತಿಂಗಳ ನಂತರ ನೋಡಿದಾಗಲೂ ಕಬ್ಬಿಣದ ಸ್ಥಿತಿ ಸುಧಾರಿಸಿರಲಿಲ್ಲ. ಬಹುಪಾಲು ಮಕ್ಕಳಿಗೆ ಮೊದಲು ಬೇಕಾದದ್ದು ಊಟದಲ್ಲಿ ಕಬ್ಬಿಣ, ಜಂತುಹುಳುವಿಗೆ ಔಷಧಿ, ಕಬ್ಬಿಣದ ಸಿರಪ್. ಇಷ್ಟೆಲ್ಲ ಸರಿಯಾಗಿ ಕೊಟ್ಟರೂ ಹಿಮೋಗ್ಲೋಬಿನ್ ಏರದ, ಬೇರೆ ಕಾರಣಗಳೂ ಸಿಗದ ಮಗುವಿನಲ್ಲಿ ಮಾತ್ರ ಜಠರದ ಕಡೆಗೆ ತಿರುಗಿ ನೋಡಬಹುದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಸೋಂಕು ಖಚಿತವಾಗಿ ಚಿಕಿತ್ಸೆ ಶುರುವಾದರೆ ಎರಡು ವಾರ, ಒಂದು ಗುಟುಕೂ ತಪ್ಪಿಸದೆ ಔಷಧಿ ಮುಗಿಸಬೇಕು. ಅರ್ಧಕ್ಕೆ ಬಿಟ್ಟರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿಯುತ್ತದೆ.

ಹಾಗೆಂದು ಈ ಜೀವಿಯನ್ನು ಹಗುರವಾಗಿ ಕಾಣುವಂತಿಲ್ಲ. 2008ರಿಂದ 2017ರ ನಡುವೆ ಹುಟ್ಟಿದವರ, ಅಂದರೆ ಇವತ್ತಿನ ಶಾಲಾಮಕ್ಕಳ ಭವಿಷ್ಯದ ಒಂದು ಅಂದಾಜು 2025ರಲ್ಲಿ ಪ್ರಕಟವಾಯಿತು. ಪರಿಸ್ಥಿತಿ ಈಗಿನಂತೆಯೇ ಮುಂದುವರಿದರೆ ಜಗತ್ತಿನಾದ್ಯಂತ ಅವರಲ್ಲಿ 1 ಕೋಟಿ 56 ಲಕ್ಷ ಮಂದಿಗೆ ಬದುಕಿನಲ್ಲಿ ಎಂದಾದರೂ ಜಠರದ ಕ್ಯಾನ್ಸರ್ ಬರಬಹುದು, ಅದರಲ್ಲಿ ನೂರಕ್ಕೆ 76 ಪಾಲು ಈ ಬ್ಯಾಕ್ಟೀರಿಯಾದಿಂದ. ಎಳವೆಯಲ್ಲಿ ಅಂಟಿದ, ನೋವೇ ಕೊಡದ ಸೋಂಕು ಕೆಲವರಲ್ಲಿ ಅರವತ್ತು ವರ್ಷ ಕಾದು ಬಡ್ಡಿ ಕೇಳುತ್ತದೆ. ಶುದ್ಧ ನೀರು, ಶೌಚಾಲಯ, ಕೈ ತೊಳೆಯಲು ಸೋಪು, ಉಸಿರಾಡಲು ಜಾಗವಿರುವ ಮನೆ, ಇವು ದಕ್ಕಿದ ದೇಶಗಳಲ್ಲಿ ಮಕ್ಕಳ ಸೋಂಕು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಬಂದಿದೆ. ಲಕ್ಷ ವರ್ಷದ ವಂಶಾವಳಿಯನ್ನು ತುಂಡರಿಸುವ ಶಕ್ತಿ ಒಂದು ಕೊಳಾಯಿಗಿದೆ.

ಮತ್ತೆ ಲ್ಯಾಬಿನ ಆ 2 ಮಿಲಿಲೀಟರಿಗೆ ಬರೋಣ. ಅದರಲ್ಲಿರುವ ಕಬ್ಬಿಣ ಸುಮಾರು 0.8 ಮಿಲಿಗ್ರಾಂ. ಮಗು ಅನ್ನ, ಸಾರು, ಸೊಪ್ಪು ಉಂಡು ಇಡೀ ಒಂದು ದಿನದಲ್ಲಿ ಗಳಿಸುವುದು ಹೆಚ್ಚುಕಡಿಮೆ ಅಷ್ಟೇ. ಮಗು ತನ್ನ ಒಂದು ದಿನದ ದುಡಿಮೆಯನ್ನು ಆ ಪುಟ್ಟ ಗಾಜಿನ ಕೊಳವೆಗೆ ಸುರಿದು ಕೊಟ್ಟಿದೆ, ಅಳುತ್ತ ಕೊಟ್ಟಿದೆ. ಹಾಗಾಗಿ ರಕ್ತ ತೆಗೆಸುವುದಕ್ಕೆ ಕಾರಣ ಬೇಕು. ತೆಗೆಸಿದ ಮೇಲೆ ಹಾಳೆಯ ಎಲ್ಲ ಸಾಲುಗಳನ್ನೂ ಒಟ್ಟಿಗೆ ಓದಬೇಕು. ಹಿಮೋಗ್ಲೋಬಿನ್ನಿನ ಪಕ್ಕ ಫೆರಿಟಿನ್ ಇಟ್ಟು, ಫೆರಿಟಿನ್ನಿನ ಪಕ್ಕ ಸಿಆರ್‌ಪಿ ಇಟ್ಟು, ಇವೆಲ್ಲದರ ಪಕ್ಕ ಮಗುವನ್ನು ಕೂರಿಸಿಕೊಂಡು, ಕಣ್ಣಿನ ರೆಪ್ಪೆ ಸರಿಸಿ ನೋಡಿ, ನಿನ್ನೆ ಏನು ಉಂಡೆ ಎಂದು ಕೇಳಿ ಓದಬೇಕು. ಕೋಟಿ ಪಟ್ಟು ದೂರವಿರುವ ಸಂಖ್ಯೆಗಳು ಅಲ್ಲಿ ಒಂದೆಡೆ ಸೇರುತ್ತವೆ, 15 ಕಿಲೋ ತೂಕದ ಆ ಒಂದು ಮಗುವಿನಲ್ಲಿ.